ಒರೆಸದೆ ಬಿಟ್ಟ ಶಟರು

ಇನ್ನೊಬ್ಬರ ಮನೆಯ ಸಂಗತಿಯನ್ನು ಹೇಳಹೊರಡುವುದಕ್ಕೆ ಮೊದಲು ಕ್ಷಮೆ ಕೇಳಿಬಿಡುವುದು ವಾಸಿ. ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಇದ್ದೇ ಇರುತ್ತಾರೆ. ಅವರಾರೂ ಹೇಳಲಿಲ್ಲವೆಂಬುದೊಂದೇ ಇಲ್ಲಿರುವ ನೆಪ. ಎಲ್ಲಾದರೂ ಹೆಚ್ಚುಕಡಿಮೆಯಾಗಿದ್ದರೆ ತಪ್ಪು ಹೇಳಿದವರದು, ಆ ಮನೆಯವರದಲ್ಲ.

ಆ ಮನೆಯ ಕೆಳಗಡೆ ಲಾಂಡ್ರಿ, ಮೇಲ್ಗಡೆ ಸಂಸಾರ. ಸಂಸಾರವೆಂದರೆ ನಾಲ್ಕು ಜನ. ಅರವತ್ತೇಳು ವರ್ಷದ ಅಜ್ಜಿ, ಇಸ್ತ್ರಿ ಮಾಡುವ ಮಗ, ಸಿಟಿ ಬಸ್ಸು ಓಡಿಸುವ ಸೊಸೆ, ಹದಿನಾಲ್ಕು ವರ್ಷದ ಮೊಮ್ಮಗಳು. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಮೊಮ್ಮಗಳಿಗೆ ಬಟಾಣಿ ಎಂದು ಹೆಸರು ಬಿದ್ದಿತ್ತು. ಈಗ ಅವಳು ಅಪ್ಪನ ಕಿವಿಯವರೆಗೆ ಬೆಳೆದಿದ್ದರೂ ಹೆಸರು ಮಾತ್ರ ಬೆಳೆದಿರಲಿಲ್ಲ.

ಅವರು ಆ ಊರಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಬರುವಾಗ ಅಜ್ಜಿಯ ಕೈಯಲ್ಲಿ ಒಂದು ಟ್ರಂಕು, ಬೆನ್ನ ಹಿಂದೆ ಒಬ್ಬ ಮಗ, ಬೆರಳುಗಳಲ್ಲಿ ಒಂದು ವಿದ್ಯೆ ಇದ್ದವು. ವಿದ್ಯೆ ಎಂದರೆ ಕಲೆ ತೆಗೆಯುವುದು. ಶಾಯಿ, ರಕ್ತ, ತುಕ್ಕು, ಡಾಂಬರು, ಏನೇ ಆಗಲಿ, ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಉಗುರಿನಿಂದ ಒಮ್ಮೆ ಕೆರೆದು, "ಇದಕ್ಕೆ ಸ್ಪಿರಿಟ್ಟು," "ಇದಕ್ಕೆ ಬರೀ ತಣ್ಣೀರು" ಎಂದು ಹೇಳಿಬಿಡುತ್ತಿದ್ದಳು. ಬೇರೆ ಲಾಂಡ್ರಿಯವರು ಕೈಚೆಲ್ಲಿದ ಬಟ್ಟೆಗಳು ಕೊನೆಗೆ ಅವಳ ಮೇಜಿಗೆ ಬರುತ್ತಿದ್ದವು. ಅವಳದೊಂದೇ ನಿಯಮ: ಕಲೆಯನ್ನು ಕಂಡ ತಕ್ಷಣ ತೆಗೆಯಬೇಕು. ಬಿಟ್ಟಷ್ಟೂ ಅದು ಮನೆಯಳಿಯನ ಹಾಗೆ ಕೂತುಬಿಡುತ್ತದೆ.

ಹಾಗಾಗಿ, ಒಂದು ಮುಂಜಾನೆ ಐದೂವರೆಗೆ ಬಾಗಿಲು ಗುಡಿಸಲು ಇಳಿದವಳಿಗೆ ಅಂಗಡಿಯ ಶಟರಿನ ಮೇಲೆ ಕಪ್ಪು ಮಾರ್ಕರಿನಲ್ಲಿ "ಬಂದ ಕಡೆಗೇ ಹೋಗಿ" ಎಂದು ಬರೆದಿದ್ದು ಕಂಡಾಗ, ಅವಳು ಕೂಗಲಿಲ್ಲ, ಯಾರನ್ನೂ ಎಬ್ಬಿಸಲಿಲ್ಲ. ಸ್ಪಿರಿಟ್ಟು, ಹತ್ತಿ ತಂದು ಒರೆಸಿ, ಒಣಬಟ್ಟೆಯಿಂದ ಉಜ್ಜಿ, ಒಳಗೆ ಹೋಗಿ ಟೀಗೆ ನೀರಿಟ್ಟಳು.

ಹತ್ತು ದಿನದ ನಂತರ ಮೊಟ್ಟೆ. ಅದಾದ ಮೇಲೆ ಎರಡು ಸಲ ಎಣ್ಣೆಬಣ್ಣ. ಬಣ್ಣದಲ್ಲಿ ಬರೆದಾಗ ಒಂದು ಪದ ಇರುತ್ತಿತ್ತು, ಅವರಂಥ ಜನರನ್ನು ಹೀಗಳೆದು ಕರೆಯುವ ಪದ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಪ್ರತಿ ಸಲವೂ ಏಳೂವರೆಗೆ ಮೊದಲು, ಬಟಾಣಿ ಶಾಲೆಗೆ ಇಳಿದು ಬರುವ ಮೊದಲು, ಶಟರನ್ನು ಕನ್ನಡಿ ಮಾಡಿಬಿಡುತ್ತಿದ್ದಳು.

"ಅಮ್ಮ, ಟೀಗೆ ಥಿನ್ನರ್ ಹಾಕಿದ್ದೀಯಾ?" ಒಂದು ದಿನ ತಿಂಡಿಗೆ ಕೂತ ಮಗ ಕಪ್ಪನ್ನು ಮೂಸಿ ನೋಡಿದ.

"ಕಲೆ ಬಟ್ಟೆ ಬಂದಿತ್ತು ಕಣೋ. ಬೆಳಿಗ್ಗೆನೇ ಕೂತು ತೆಗೆದೆ."

"ಯಾರದು, ವಾರ ವಾರ ಬಣ್ಣ ಮೆತ್ಕೊಂಡು ಬರೋ ಗಿರಾಕಿ?"

"ಪೇಂಟರು. ಇನ್ಯಾರು?"

"ಅವನ ಕೆಲಸ ನೆಟ್ಟಗಿಲ್ಲ ಬಿಡು," ಎಂದಳು ಬಟಾಣಿ ಬ್ರೆಡ್ಡು ಕಚ್ಚುತ್ತಾ. "ಅರ್ಧ ಗೋಡೆನ ಮೈಮೇಲೇ ಬಳ್ಕೋತಾನೆ."

ಎಲ್ಲರೂ ನಕ್ಕರು. ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅದೇ ವಾರ ಬಟಾಣಿ ಶಾಲೆಯ ಕೋಟಿನ ಬೆನ್ನಿಗೆ ದ್ರಾಕ್ಷಿರಸ ಚೆಲ್ಲಿಕೊಂಡು ಬಂದಿದ್ದಳು. "ಹೇಗಾಯ್ತೇ?" ಎಂದರೆ, "ನಾನೇ ಚೆಲ್ಕೊಂಡೆ, ಅಜ್ಜಿ." ಅಜ್ಜಿ ಅದನ್ನೂ ತೆಗೆದಳು. ತೆಗೆದ ಕೋಟನ್ನು ಬೆಳಕಿಗೆ ಹಿಡಿದು, "ಎಲ್ಲಿತ್ತು ಅಂತ ಹೇಳು ನೋಡೋಣ!" ಎಂದು ಮನೆಯವರಿಗೆಲ್ಲ ಸವಾಲು ಹಾಕಿದಳು. ಯಾರಿಗೂ ಹೇಳಲಾಗಲಿಲ್ಲ.

ಐದನೆಯ ಸಲ ಗುಟ್ಟು ಒಡೆಯಿತು. ಸೊಸೆಗೆ ಮಧ್ಯಾಹ್ನದ ಪಾಳಿ ಬದಲಾಗಿ ಮೊದಲ ಪಾಳಿ ಬಂದಿತ್ತು. ಐದೂಮುಕ್ಕಾಲಿಗೆ ಡಿಪೋಗೆ ಹೊರಟವಳು ಪಕ್ಕದ ಬಾಗಿಲಿನಿಂದ ಇಳಿದಾಗ, ಅತ್ತೆ ಶಟರಿನ ಮುಂದೆ ಮಂಡಿಯೂರಿ ಕೂತು ಉಜ್ಜುತ್ತಿದ್ದಳು.

"ಅತ್ತೆ!"

ಬ್ರಷ್ಷು ಕೈಜಾರಿತು. "ಏನಿಲ್ಲಮ್ಮ. ಶಟರು ಧೂಳು ಹಿಡಿದಿತ್ತು."

"ಧೂಳು ಹಸಿರಾಗಿರುತ್ತಾ?"

ಒಂದೂವರೆ ಅಕ್ಷರ ಇನ್ನೂ ಉಳಿದಿತ್ತು. ಸೊಸೆ ಅದನ್ನು ಓದಿದಳು. ಓದಿದ್ದು ಅರ್ಧವಾದರೂ ಪದ ಪೂರ್ತಿ ತಿಳಿಯಿತು. ಅವಳು ಕೈಗಡಿಯಾರ ನೋಡಿಕೊಂಡು, "ಸಂಜೆ ಮಾತಾಡೋಣ," ಎಂದಷ್ಟೇ ಹೇಳಿ ಹೋದಳು. ಆ ಸಂಜೆ ಬರುವವರೆಗೆ ಅಜ್ಜಿಗೆ ಯಾವ ಕೆಲಸವೂ ನೆಟ್ಟಗಾಗಲಿಲ್ಲ.

ಬಟಾಣಿ ಟ್ಯೂಷನ್ನಿಗೆ ಹೋದ ಹೊತ್ತು ನೋಡಿ ಮೂವರೂ ಊಟಕ್ಕೆ ಕೂತರು.

"ಎಷ್ಟನೇ ಸಲ, ಅತ್ತೆ?"

"ಐದು."

ಮಗನ ಕೈ ಅನ್ನದ ಮೇಲೆಯೇ ನಿಂತಿತು. "ಐದಾ? ಹಾಗಾದ್ರೆ ಆ ಪೇಂಟರು..."

"ಯಾವ ಪೇಂಟರೂ ಇಲ್ಲ ಕಣೋ."

ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ಒರೆಸಿದ್ದಾಯ್ತಲ್ಲ, ಬಿಡಿ," ಎಂದ. "ಅಂಗಡಿ ಇಟ್ಕೊಂಡಿರೋರು ನಾವು. ನಾಲ್ಕು ಜನ ಬಂದು ಹೋಗೋ ಜಾಗ. ಬೀದಿಗೆ ಬಿದ್ದು ರಂಪ ಮಾಡೋಕಾಗುತ್ತಾ?"

"ಬರೆದಿರೋದೇ ಬೀದಿ ಕಡೆಗೆ," ಎಂದಳು ಸೊಸೆ. "ರಂಪ ನಾವು ಶುರು ಮಾಡಿದ್ದಾ?"

"ದೂರು ಕೊಟ್ಟರೆ ಹೆಸರು ಹೊರಗೆ ಬರುತ್ತೆ. ನಾಳೆ ಗಾಜು ಒಡೀತಾರೆ. ನಾಡಿದ್ದು?"

"ದೂರು ಕೊಡದೇ ಇದ್ದಿದ್ದಕ್ಕೆ ಮಾರ್ಕರಿನಿಂದ ಎಣ್ಣೆಬಣ್ಣಕ್ಕೆ ಬಂದಿದ್ದಾರೆ. ನಾಡಿದ್ದು ಬೆಂಕಿಕಡ್ಡಿ ತಂದರೆ ನಿಮ್ಮಮ್ಮ ಅದನ್ನ ಯಾವುದರಲ್ಲಿ ಒರೆಸ್ತಾರೆ?"

ಅಜ್ಜಿ ಬೇಳೆಯ ಪಾತ್ರೆಯನ್ನು ಇಬ್ಬರ ನಡುವೆ ಸರಿಸಿದಳು. "ಜಗಳ ಬೇಡ. ಏನಾದ್ರೂ ಮಾಡ್ಕೊಳ್ಳಿ. ಮಗುಗೆ ಮಾತ್ರ ಗೊತ್ತಾಗಬಾರದು. ಆ ಪದ ಅವಳ ಕಿವಿಗೆ ಬೀಳಬಾರದು. ಅದಕ್ಕೇ ನಾನು ಇಷ್ಟು ದಿನ ಉಜ್ಜಿದ್ದು."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಟಾಣಿ ಒಳಗೆ ಬಂದಾಗ ಮೂವರೂ ಬೇಳೆಗೆ ಉಪ್ಪು ಸಾಲದೆಂದು ವಾದಿಸುತ್ತಿದ್ದರು.

ಸೊಸೆಯ ಬಸ್ಸಿನಲ್ಲಿ, ಅವಳ ಸೀಟಿನ ಬೆನ್ನಿಗೇ, ಒಂದು ನೋಟೀಸು ಅಂಟಿಸಿತ್ತು. 'ನೀವು ಯಾರು, ಎಲ್ಲಿಯವರು, ಯಾವ ನಂಬಿಕೆಯವರು ಎಂಬ ಕಾರಣಕ್ಕೆ ಯಾರಾದರೂ ನಿಮಗೆ ಕೇಡು ಮಾಡಿದರೆ ತಿಳಿಸಿ' ಎಂದು ಬರೆದು ಕೆಳಗೆ ಒಂದು ನಂಬರು. ಎರಡು ವರ್ಷದಿಂದ ಅದನ್ನು ಬೆನ್ನಿಗೆ ಕಟ್ಟಿಕೊಂಡು ಊರೆಲ್ಲ ಸುತ್ತಿದ್ದರೂ, ಪ್ರಯಾಣಿಕರಷ್ಟೂ ಅವಳು ಅದನ್ನು ಓದಿರಲಿಲ್ಲ. ಮರುದಿನ ಅದನ್ನು ಓದಿಕೊಂಡು, ಡಿಪೋದ ಕ್ಯಾಂಟೀನಿನ ಮೂಲೆಯಲ್ಲಿ ನಿಂತು ಆ ನಂಬರಿಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು ಸಮಾಧಾನದಿಂದ ಕೇಳಿಸಿಕೊಂಡು, ಫೋಟೋ ಇದೆಯೇ, ಗುರುತೇನಾದರೂ ಉಳಿದಿದೆಯೇ ಎಂದಳು.

"ನಮ್ಮತ್ತೆ ಒರೆಸಿದ ಮೇಲೆ ಏನು ಉಳಿಯುತ್ತೆ ಮೇಡಂ? ಇಡೀ ಬೀದಿಯಲ್ಲಿ ಅಷ್ಟು ಚೊಕ್ಕವಾದ ಶಟರು ಇನ್ನೊಂದಿಲ್ಲ."

ಆ ಹೆಂಗಸು ನಗಲಿಲ್ಲ. ಉಳಿಯದಿದ್ದರೂ ಪರವಾಗಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳಿದರೂ ಬರೆದುಕೊಳ್ಳುತ್ತೇವೆ ಎಂದಳು. ಮಾಡಿದವರು ಯಾರೆಂದು ಗೊತ್ತಿರಬೇಕಿಲ್ಲ. ಸಣ್ಣದು, ದೊಡ್ಡದು ಎಂದು ನೀವೇ ತೂಗಿ ನೋಡಬೇಕಿಲ್ಲ. ಹೆಸರು ಗುಟ್ಟಾಗಿಡಿ ಎಂದರೆ ಇಡುತ್ತೇವೆ. ಠಾಣೆಯ ಮೆಟ್ಟಿಲು ಹತ್ತಲು ಮನಸ್ಸಿಲ್ಲದಿದ್ದರೆ ನಿಮ್ಮ ಬಡಾವಣೆಯ ವಾಚನಾಲಯದಲ್ಲಿ ಗುರುವಾರ ಗುರುವಾರ ಒಬ್ಬರು ಕೂತಿರುತ್ತಾರೆ, ಅವರಿಗೆ ಹೇಳಿದರೂ ಆಯಿತು. ಮತ್ತೆ ಆದರೆ ಮುಟ್ಟಬೇಡಿ, ಫೋಟೋ ತೆಗೆಯಿರಿ, ಗಂಟೆ ಬರೆದಿಡಿ, ಪೊಲೀಸರನ್ನು ಕರೆಯಿರಿ.

ಇದನ್ನೆಲ್ಲ ಸೊಸೆ ರಾತ್ರಿ ಪಾತ್ರೆ ತೊಳೆಯುತ್ತಾ ಅತ್ತೆಗೆ ಒಪ್ಪಿಸಿದಳು.

"ಮುಟ್ಟಬಾರದು ಅಂದ್ರೆ? ಕಲೆನ ಹಾಗೇ ಬಿಟ್ಟು ನೋಡ್ತಾ ಕೂತ್ಕೊಳ್ಳೋದಾ?"

"ಅವರು ಬಂದು ನೋಡೋವರೆಗೆ, ಅತ್ತೆ."

"ಒಣಗಿಬಿಡುತ್ತಲ್ಲೇ! ಆಮೇಲೆ ತೆಗೆಯೋರು ಯಾರು, ಅವರಾ?"

ಎರಡು ವಾರ ಏನೂ ಆಗಲಿಲ್ಲ. ನೀವು ಸುಮ್ಮನೆ ಹೆದರಿಸಿದಿರಿ ಎಂದು ಮಗ ಗೆದ್ದವನ ಹಾಗೆ ಓಡಾಡಿದ. ಮೂರನೆಯ ವಾರದ ಸೋಮವಾರ, ಶಟರಿನ ಈ ತುದಿಯಿಂದ ಆ ತುದಿಗೆ, ಕೆಂಪು ಬಣ್ಣದಲ್ಲಿ, ಆಳೆತ್ತರದ ಅಕ್ಷರಗಳಲ್ಲಿ ಅದೇ ಪದ ಇತ್ತು.

ಅಜ್ಜಿ ಥಿನ್ನರ್ ಡಬ್ಬಿ ಹಿಡಿದು ನಿಂತಳು. ಮುಚ್ಚಳ ತೆಗೆದಳು. ಮತ್ತೆ ಹಾಕಿದಳು. ಬಣ್ಣ ಇನ್ನೂ ಹಸಿ. ಹತ್ತು ನಿಮಿಷದ ಕೆಲಸ. ಅವಳು ಮೇಲಕ್ಕೆ ಹೋಗಿ ಸೊಸೆಯನ್ನು ಕರೆದಳು. ಸೊಸೆ ಒಂದು ಕೈಯಲ್ಲಿ ಕೂದಲು ಕಟ್ಟಿಕೊಳ್ಳುತ್ತಲೇ ಇಳಿದು ಫೋಟೋ ತೆಗೆದಳು, ಪೊಲೀಸರಿಗೆ ಫೋನು ಮಾಡಿದಳು. ಮಧ್ಯಾಹ್ನದೊಳಗೆ ಬರುತ್ತೇವೆ ಎಂದರು. "ಅತ್ತೆ, ನನ್ನಾಣೆ ಮುಟ್ಟಬೇಡಿ," ಎಂದು ಡಿಪೋಗೆ ಓಡಿದಳು.

ಮುಟ್ಟಬಾರದು ಸರಿ, ಬಟಾಣಿ ನೋಡಬಾರದಲ್ಲ! ಅಜ್ಜಿ ಒಳಗೆ ಹೋಗಿ, ಒಂದೂವರೆ ವರ್ಷದಿಂದ ಯಾರೂ ಒಯ್ಯದೆ ಬಿದ್ದಿದ್ದ ಬಿಳಿ ಹಾಸಿಗೆಬಟ್ಟೆಯೊಂದನ್ನು ತಂದು, ಶಟರಿನ ಮೇಲಿನ ಕೊಕ್ಕೆಗಳಿಗೆ ಸಿಕ್ಕಿಸಿ ಇಳಿಬಿಟ್ಟಳು.

"ಹಿಂದಿನ ಮೆಟ್ಟಿಲಿಂದ ಹೋಗೇ. ಮುಂದೆ ಸೋಪು ಚೆಲ್ಲಿದೆ."

"ಯಾರು ಚೆಲ್ಲಿದ್ದು?"

"ಇನ್ಯಾರು? ನಿಮ್ಮಪ್ಪ."

"ನಾನೇನೇ ಮಾಡ್ದೆ?" ಎಂದು ಒಳಗಿನಿಂದ ಮಗ ಕೂಗಿದ. ಬಟಾಣಿ ಅಜ್ಜಿಯ ಮುಖವನ್ನೊಮ್ಮೆ ನೋಡಿ, ಹಿಂದಿನಿಂದ ಹೋದಳು.

ಶಟರು ಎತ್ತಿದರೆ ಬಣ್ಣ ಸುತ್ತಿಕೊಂಡು ಹಾಳಾಗುತ್ತದೆಂದು ಮಗ ಅಂದು ಪಕ್ಕದ ಬಾಗಿಲಿನಿಂದಲೇ ವ್ಯಾಪಾರ ನಡೆಸಿದ. ಬಂದವರೆಲ್ಲ ಶೀಟನ್ನು ನೋಡಿ, "ಏನು, ಸುಣ್ಣ ಬಣ್ಣ ಮಾಡಿಸ್ತಿದ್ದೀರಾ?" ಎಂದರು. ಅವನು "ಹೂಂ" ಎನ್ನುತ್ತಾ ಕಾಲರಿನ ಮೇಲೆ ಇಸ್ತ್ರಿ ಎಳೆದ. ಒಂಬತ್ತರ ಹೊತ್ತಿಗೆ ಎದುರುಗಡೆಯ ಬೀಗದಂಗಡಿಯವರು ಬಂದು ಅದನ್ನೇ ಕೇಳಿದರು. ಏಕೋ ಅವರಿಗೆ "ಹೂಂ" ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಶೀಟಿನ ಅಂಚನ್ನು ಎತ್ತಿ ತೋರಿಸಿದ.

ಬೀಗದವರು ಓದಿದರು. "ನಿಮಗೂ ಬಂತಾ?" ಎಂದರು.

"ನಿಮಗೂ ಅಂದ್ರೆ?"

"ನಮ್ಮ ಬಾಗಿಲಿಗೆ ಹಸಿರಲ್ಲಿ ಬರೆದಿದ್ರು. ಅದರ ಮೇಲೆ ಬೇರೆ ಬಣ್ಣ ಹೊಡೆದುಬಿಟ್ಟೆ. ಯಾಕೆ ಹೇಳ್ಕೊಳ್ಳೋದು ಅಂತ."

ಹನ್ನೊಂದಕ್ಕೆ ಒಬ್ಬ ಮಹಿಳಾ ಪೊಲೀಸ್ ಬಂದಳು. ಶೀಟು ತೆಗೆದಾಗ ಅಜ್ಜಿ "ಅಯ್ಯೋ!" ಎಂದಳು. ಹಸಿ ಬಣ್ಣ ಬಟ್ಟೆಗೆ ಹತ್ತಿ, ಇಡೀ ಪದ ಅದರ ಮೇಲೆ ಹಿಂದುಮುಂದಾಗಿ ಮೂಡಿತ್ತು. ಆ ವೃತ್ತಿಯಲ್ಲಿ ಯಾರೂ ಮಾಡಬಾರದ ತಪ್ಪು, ಹಸಿ ಕಲೆಯ ಮೇಲೆ ಬಿಳಿ ಬಟ್ಟೆ ಹಾಕುವುದು.

"ಕೊಡಮ್ಮ, ಈಗಲೇ ನೆನೆಸಿದ್ರೆ..."

"ಇದನ್ನ ನಾನು ತಗೊಂಡು ಹೋಗ್ತೀನಿ, ಅಮ್ಮ," ಎಂದು ಪೊಲೀಸಿನವಳು ಶೀಟನ್ನು ಮಡಿಸಿ ಚೀಲಕ್ಕೆ ಹಾಕಿದಳು. "ಬಣ್ಣದ ನಮೂನೆ ಇದರಲ್ಲೇ ಸಿಕ್ತು. ಇನ್ನು ಶಟರು ಒರೆಸ್ಕೊಳ್ಳಿ."

ಆ ಅಂಗಡಿಯಿಂದ ಒಂದು ಬಟ್ಟೆ ಕಲೆಯ ಸಮೇತ ಹೊರಗೆ ಹೋದದ್ದು ಅದೇ ಮೊದಲು. ಅಜ್ಜಿ ಜೀಪು ತಿರುವು ದಾಟುವವರೆಗೆ ಚೀಲವನ್ನೇ ನೋಡುತ್ತಾ ನಿಂತಳು. ಒಂದೂವರೆ ವರ್ಷ ಸುಳಿಯದಿದ್ದ ಶೀಟಿನ ಯಜಮಾನ ಸರಿಯಾಗಿ ಆ ಶನಿವಾರವೇ ಚೀಟಿ ಹಿಡಿದುಕೊಂಡು ಬಂದದ್ದು, "ಠಾಣೆಯಲ್ಲಿದೆ" ಎಂದಾಗ ಅವನ ಮುಖ ಆದದ್ದು ಬೇರೆಯೇ ಕಥೆ.

ಮೊದಲಿನ ಐದನ್ನೂ ಬರೆಸಬೇಕು ಎಂದು ಸೊಸೆ ಹಟ ಹಿಡಿದಳು. ಗುರುವಾರ ಅವಳಿಗೆ ರಜೆ ಸಿಗಲಿಲ್ಲ, ಮಗನಿಗೆ ಇಸ್ತ್ರಿ ಬಿಟ್ಟು ಬರಲಾಗಲಿಲ್ಲ. ಅಜ್ಜಿಗೆ ಕನ್ನಡಕವಿದ್ದರೂ ಫಾರಮ್ಮಿನ ಸಣ್ಣಕ್ಷರ ಕಾಣುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಬಟಾಣಿ ಜೊತೆಗೆ ಹೊರಟಳು. "ವಾಚನಾಲಯದಲ್ಲಿ ನನಗೊಂದು ಅರ್ಜಿ ಕೆಲಸ" ಎಂದಷ್ಟೇ ಅಜ್ಜಿ ಹೇಳಿದ್ದಳು.

ವಾಚನಾಲಯದ ಹಿಂಬದಿಯ ಸಣ್ಣ ಕೋಣೆಯಲ್ಲಿ ಒಬ್ಬ ಮೇಡಂ ಫಾರಮ್ಮು ಬಿಡಿಸಿಕೊಂಡು ಕೂತಿದ್ದರು. ಬಟಾಣಿಯನ್ನು ಹೊರಗೆ ಪುಸ್ತಕಗಳ ನಡುವೆ ಕೂರಿಸಿ ಅಜ್ಜಿ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

"ಯಾವಾಗ ಆಯ್ತು ಅಂತ ನೆನಪಿದ್ರೆ ಹೇಳಿ. ಇಲ್ಲದಿದ್ರೂ ಪರವಾಗಿಲ್ಲ, ಅಮ್ಮ."

"ಮೊದಲನೇದು ಮಂಗಳವಾರ. ಅವತ್ತು ಡಾಕ್ಟರಮ್ಮನ ಬಿಳಿ ಕೋಟುಗಳು ಬಂದಿದ್ವು. ಮಾರ್ಕರ್ ಪೆನ್ನು, ಸ್ಪಿರಿಟ್ಟಲ್ಲಿ ಹೋಯ್ತು. ಶಟರಿನ ಎಡಗಡೆ, ನನ್ನ ಭುಜದ ಎತ್ತರಕ್ಕೆ. ಎರಡನೇದು ಮೊಟ್ಟೆ, ಮೂರು. ತಣ್ಣೀರಲ್ಲಿ ತೊಳೆದೆ. ಬಿಸಿನೀರು ಹಾಕಿದ್ರೆ ಬೆಂದು ಕೂತ್ಕೊಂಡುಬಿಡುತ್ತೆ ನೋಡಿ. ನಾನು ಐದೂವರೆಗೆ ಇಳಿದಾಗ ಇನ್ನೂ ಜಾರ್ತಾ ಇತ್ತು, ಅಂದ್ರೆ ಎಸೆದು ಅರ್ಧ ಗಂಟೆನೂ ಆಗಿರಲಿಲ್ಲ. ಮೂರನೇದು, ನಾಲ್ಕನೇದು ಎಣ್ಣೆಬಣ್ಣ. ಮೇಲೆ ಕೆನೆ ಕಟ್ಟಿರಲಿಲ್ಲ, ಅದೂ ಅಷ್ಟೇ ಹೊತ್ತು. ಹಸಿರಿನದ್ದೂ ಹಾಗೇ."

ಮೇಡಂ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಅಂದ್ರೆ, ಎಲ್ಲಾ ಐದು ಗಂಟೆ ಆಸುಪಾಸು?"

"ಐದರ ಮೇಲೆ ಐದು ಹತ್ತು ನಿಮಿಷ. ಕಲೆ ಸುಳ್ಳು ಹೇಳಲ್ಲ, ಮೇಡಂ."

"ಪಕ್ಕದ ಬೀದಿಯ ಇಬ್ಬರು ಬಂದು ಬರೆಸಿದ್ದಾರೆ. ಹೊತ್ತು ಮಾತ್ರ ಯಾರಿಗೂ ಗೊತ್ತಿರಲಿಲ್ಲ." ಅವರು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು. "ಈಗ, ಬರೆದಿದ್ದೇನು? ಇದ್ದದ್ದು ಇದ್ದ ಹಾಗೆ ಬೇಕು."

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೆಟ್ಟ ಮಾತು."

"ಯಾವುದು ಅಂತ..."

"ನನ್ನ ಬಾಯಲ್ಲಿ ಬರಲ್ಲ, ತಾಯಿ. ಈ ವಯಸ್ಸಿಗೆ, ಅಲ್ಲಿ ಮಗು ಕೂತಿದೆ."

ಬಾಗಿಲು ಸರಿಯಿತು. ಬಟಾಣಿ ಒಂದು ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು.

"ನಾನು ಹೇಳ್ತೀನಿ," ಎಂದು ಆ ಪದವನ್ನು ಹೇಳಿದಳು. ಅಂಗಡಿಗೆ ಹೋಗಿ ಸಕ್ಕರೆ ಕೇಳುವ ಹಾಗೆ, ಯಾವ ಏರಿಳಿತವೂ ಇಲ್ಲದೆ.

"ನಿನಗೆ ಹೇಗೇ ಗೊತ್ತು?"

"ಬಸ್‌ಸ್ಟಾಪಲ್ಲಿ ನನ್ನ ಹೆಸರೇ ಅದು, ಅಜ್ಜಿ. ಶಾಲೆ ಶುರುವಾದಾಗಿನಿಂದ."

ಮೇಡಂ ಇನ್ನೊಂದು ಕುರ್ಚಿ ಎಳೆದರು. ಬಟಾಣಿ ಕೂರಲಿಲ್ಲ. ಮೇಲಿನ ತರಗತಿಯ ಮೂರು ಹುಡುಗಿಯರು, ಬ್ಯಾಗು ಚರಂಡಿಗೆ ಎಸೆದದ್ದು, ನಾಲ್ಕು ಸ್ಟಾಪು ನಡೆದು ಬಂದದ್ದು, ಒಂದೊಂದೇ ಹೊರಗೆ ಬಂತು.

"ದ್ರಾಕ್ಷಿರಸ?" ಎಂದಳು ಅಜ್ಜಿ.

"ಅದೂ ಅವರೇ."

ಅಜ್ಜಿ ತನ್ನ ಕೈಗಳನ್ನು ನೋಡಿಕೊಂಡಳು. ಥಿನ್ನರಿನಿಂದ ಬೆರಳುಗಳ ತುದಿ ಬಿಳಿಚಿತ್ತು. ಆ ಕೋಟನ್ನು ಬೆಳಕಿಗೆ ಹಿಡಿದು ತಾನು ಹಾಕಿದ ಸವಾಲು ಅವಳಿಗೆ ನೆನಪಾಯಿತು.

"ಯಾಕೇ ಹೇಳಲಿಲ್ಲ ನಮಗೆ?"

"ನೀನು ಹೇಳಿದ್ಯಾ?"

ಅಜ್ಜಿ ಬೆರಳ ತುದಿಗಳನ್ನು ಸೆರಗಿನಲ್ಲಿ ಉಜ್ಜಿಕೊಂಡಳು.

"ಶಟರು ದಿನಾ ಪಳಪಳ ಅಂತಿತ್ತು, ಅಜ್ಜಿ," ಎಂದಳು ಬಟಾಣಿ. "ನೀವೆಲ್ಲ ಅಷ್ಟು ಆರಾಮಾಗಿದ್ರಿ. ನಾನೊಬ್ಬಳೇ ಯಾಕೆ ಮನೆಗೆ ತರಲಿ ಅಂತ..."

ಅಜ್ಜಿ ಎದ್ದು ಅವಳನ್ನು ತಬ್ಬಿಕೊಳ್ಳಲು ಹೋಗಿ, ಅವಳು ತನಗಿಂತ ಎತ್ತರವಾದ್ದರಿಂದ ಭುಜವಷ್ಟೇ ಸಿಕ್ಕು, ಅದನ್ನೇ ಗಟ್ಟಿಯಾಗಿ ಹಿಡಿದಳು. ಆಮೇಲೆ ಮೇಡಂ ಕಡೆ ತಿರುಗಿ, ಅರವತ್ತೇಳು ವರ್ಷದಲ್ಲಿ ಒಮ್ಮೆಯೂ ಆಡದ ಆ ಪದವನ್ನು ಸ್ಪಷ್ಟವಾಗಿ ಹೇಳಿದಳು. "ಬರ್ಕೊಳ್ಳಿ. ಶಟರಿನ ಮೇಲೆ ನಾಲ್ಕು ಸಲ. ಈಗ ಇನ್ನೊಂದು ಫಾರಮ್ಮು ತೆಗೀರಿ. ಇವಳದು."

ಮಕ್ಕಳ ವಿಷಯವಾದ್ದರಿಂದ ತಂದೆತಾಯಿಗೆ ತಿಳಿಸಿ ಶಾಲೆಗೂ ಬರೆಯಬೇಕೆಂದು ಮೇಡಂ ಹೇಳಿದರು. ಆ ಸಂಜೆ ಮಗ ಊಟದ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಕೇಳಿದ. ಅವನು ಮತ್ತೆ "ಬಿಡಿ" ಎನ್ನುತ್ತಾನೆಂದು ಸೊಸೆ ಉತ್ತರ ಸಿದ್ಧಮಾಡಿಕೊಂಡಿದ್ದಳು.

"ನಾಳೆ ಅಂಗಡಿ ತೆರೆಯೋದು ತಡ ಆಗುತ್ತೆ," ಎಂದ ಅವನು. "ನಾನು ಶಾಲೆಗೆ ಹೋಗಬೇಕು."

"ನಾನೂ ಬರ್ತೀನಿ ಕಣ್ರೀ."

"ನೀನು ಬಸ್ಸು ಬಿಡು. ಒಂದು ದಿನ ನಾನು ಮಾತಾಡ್ತೀನಿ." ಮತ್ತೆ ಮಗಳಿಗೆ, "ಇನ್ನೊಂದು ಚೂರು ಅನ್ನ ಹಾಕ್ಕೊಳ್ಳೇ. ನಾಲ್ಕು ಸ್ಟಾಪು ನಡೀತಾಳಂತೆ!" ಎಂದು ಗದರಿ, ಎದ್ದುಹೋಗಿ ಬಹಳ ಹೊತ್ತು ಕೈ ತೊಳೆದ.

ಶಾಲೆಯವರು ಮೊದಲು "ಮಕ್ಕಳ ತಮಾಷೆ" ಎಂದರು. ಅವನು ವಾಚನಾಲಯದ ಕಾಗದವನ್ನು ಮೇಜಿನ ಮೇಲಿಟ್ಟು, "ತಮಾಷೆ ಅಂತ ಇದರ ಮೇಲೆ ಬರೆದು ಸಹಿ ಹಾಕಿಕೊಡಿ, ಹೋಗ್ತೀನಿ," ಎಂದನಂತೆ. ಯಾರೂ ಸಹಿ ಹಾಕಲಿಲ್ಲ. ಮೂವರು ಹುಡುಗಿಯರ ಮನೆಯವರನ್ನು ಕರೆಸಿದರು. ಒಬ್ಬಳ ತಾಯಿ ಲಾಂಡ್ರಿಗೇ ಬಂದು ನಿಂತು, ಏನು ಹೇಳಬೇಕೆಂದು ತಿಳಿಯದೆ ಎರಡು ಪರದೆ ಒಗೆಯಲು ಕೊಟ್ಟು ಹೋದಳು.

ಐದು ಗಂಟೆಗೆ ಆ ಬೀದಿಯಲ್ಲಿ ಗಸ್ತು ಶುರುವಾಯಿತು. ಕೆಟ್ಟಿದ್ದ ಬೀದಿದೀಪ ಹತ್ತಿತು. ಬೀಗದವರು ಫಾರಮ್ಮಿನಲ್ಲಿ ಏನೇನು ಬರೆಸಬೇಕೆಂದು ಕೇಳಲು ಅಜ್ಜಿಯ ಹತ್ತಿರ ಬಂದಾಗ, "ಅದರ ಮೇಲೆ ಬಣ್ಣ ಯಾಕೆ ಹೊಡೆದ್ರಿ? ಸಾಕ್ಷಿ ಹಾಳು ಮಾಡಬಾರದು ಅಂತ ಗೊತ್ತಾಗೋಲ್ವಾ?" ಎಂದು ಅವಳು ಚೆನ್ನಾಗಿ ಬೈದಳು. ಒಳಗೆ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕನ್ನಡಕದಂಗಡಿಯವರೂ ಬಂದರು, ಹೆಸರು ಬೇಡವೆಂದರು. ಹೆಸರಿಲ್ಲದೆಯೇ ಬರೆಸಿದರು.

ಮುಂದಿನ ತಿಂಗಳ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿರುವಾಗ, ಬಟಾಣಿ ಬ್ಯಾಗು ಇಳಿಸಿ ನೇರ ಮೇಜಿನ ಹತ್ತಿರ ಬಂದಳು.

"ಅಜ್ಜಿ, ಇವತ್ತು ಒಂದಾಯ್ತು."

ಅಜ್ಜಿಯ ಕೈಯಲ್ಲಿ ಯಾರದೋ ರೇಷ್ಮೆ ಅಂಗಿ, ಅದರ ಮೇಲೆ ಆಗತಾನೇ ಬಿದ್ದ ಶಾಯಿ. ಅವಳು ಅಂಗಿಯನ್ನು ಹಾಗೇ ಪಕ್ಕಕ್ಕಿಟ್ಟಳು.

"ಇದಕ್ಕೆ ತಡ ಆದ್ರೆ ಹೋಗುತ್ತಾ?" ಎಂದು ಅಂಗಿಯವರು ಗಾಬರಿಯಾದರು.

"ನೋಡೋಣ, ಕಾಯಿರಿ," ಎಂದು ಅಜ್ಜಿ ಸ್ಟೂಲನ್ನು ಮೊಮ್ಮಗಳ ಕಡೆ ತಳ್ಳಿದಳು. "ಕೂತ್ಕೋ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು? ನಿಧಾನವಾಗಿ ಹೇಳು."

ಬಟಾಣಿ ಹೇಳಿದಳು. ಗಿರಾಕಿಗಳೂ ಕೇಳಿಸಿಕೊಂಡರು.

ಶಟರಿನ ಮೇಲೆ ಬರೆದವರು ಯಾರೆಂದು ಈವರೆಗೆ ಗೊತ್ತಾಗಿಲ್ಲ. ಹುಡುಕಾಟ ಮುಗಿದಿಲ್ಲ ಎಂದು ಪೊಲೀಸರು ಹೇಳುತ್ತಾರೆ. ಆ ಸೋಮವಾರದ ನಂತರ ಮತ್ತೆ ಬರೆದಿಲ್ಲವೆಂಬುದು ನಿಜ. ಹೆದರಿ ಬಿಟ್ಟರೋ, ಬೇರೆ ಬೀದಿಗೆ ಹೋದರೋ, ದಿನವೂ ಇದೇ ಅಂಗಡಿಗೆ ಬಟ್ಟೆ ತಂದು ಕೊಡುವವರಲ್ಲೇ ಒಬ್ಬರೋ, ಇದನ್ನು ಹೇಳುತ್ತಿರುವವರಿಗೂ ತಿಳಿಯದು.